ಮೂಲೆಯ ರಾಜಧಾನಿ, ರಾತ್ರಿಯ ಬಸ್ಸು

ಅಪ್ಪ ಬೆಂಗಳೂರಿಗೆ ಹೊರಟನೆಂದರೆ ಅವ್ವ ಹಿಂದಿನ ದಿನವೇ ರೊಟ್ಟಿ ಬಡಿಯಲು ಕೂರುತ್ತಿದ್ದಳು. ಎರಡು ಮೂರು ದಿನ ಕೆಡದ ಖಡಕ್ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ನಾಲ್ಕು ಉಳ್ಳಾಗಡ್ಡಿ. ಬುತ್ತಿ ಕಟ್ಟಿದ ಬಿಳಿ ವಸ್ತ್ರದ ಪಕ್ಕದಲ್ಲಿ ಇನ್ನೊಂದು ಗಂಟು ಇರುತ್ತಿತ್ತು. ಅದರಲ್ಲಿ ಕಾಗದಪತ್ರ. ಬೀಳಗಿ ತಾಲ್ಲೂಕಿನ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದ ಅಪ್ಪನ ಸೇವಾ ಪುಸ್ತಕದಲ್ಲಿ ಯಾರೋ ಹುಟ್ಟಿದ ವರ್ಷವನ್ನು ತಪ್ಪಾಗಿ ಬರೆದಿದ್ದರು. ಆ ಒಂದು ಅಂಕಿಯನ್ನು ತಿದ್ದುವ ಅಧಿಕಾರ ಇದ್ದವರು ಬೆಂಗಳೂರಿನಲ್ಲಿದ್ದರು. ಊರಿಂದ ಬಾಗಲಕೋಟೆಗೆ ಒಂದು ಬಸ್ಸು, ಅಲ್ಲಿಂದ ರಾತ್ರಿಯ ಕೆಂಪು ಬಸ್ಸು, ಬೆಳಗಾಗುವ ಹೊತ್ತಿಗೆ ಮೆಜೆಸ್ಟಿಕ್. ತೋಟದಪ್ಪನ ಛತ್ರದಲ್ಲಿ ಸ್ನಾನ ಮಾಡಿ, ಬುತ್ತಿ ಬಿಚ್ಚಿ ಎರಡು ರೊಟ್ಟಿ ತಿಂದು, ಮಡಿಚಿ ತಂದ ಇಸ್ತ್ರಿ ಅಂಗಿ ತೊಟ್ಟು, ಹತ್ತೂವರೆಗೆಲ್ಲ ಕಚೇರಿಯ ಬಾಗಿಲಲ್ಲಿ ನಿಂತಿರುತ್ತಿದ್ದ.

"ಸಾಹೇಬ್ರು ಮೀಟಿಂಗ್‌ನಲ್ಲಿದಾರೆ. ನಾಳೆ ಬನ್ನಿ."

ಜಯನಗರದಲ್ಲಿ ಮನೆ ಇದ್ದವರಿಗೆ "ನಾಳೆ ಬನ್ನಿ" ಎಂದರೆ ಸಿಟಿ ಬಸ್ಸಿನ ಇನ್ನೊಂದು ಟಿಕೇಟು. ಬೀಳಗಿಯ ಮಾಸ್ತರನಿಗೆ ಅದು ಛತ್ರದಲ್ಲಿ ಇನ್ನೊಂದು ರಾತ್ರಿ, ಶಾಲೆಗೆ ಇನ್ನೊಂದು ರಜೆ, ಬುತ್ತಿಯಲ್ಲಿ ಉಳಿದ ರೊಟ್ಟಿಗಳ ಎಣಿಕೆ. ಆ ಒಂದು ಅಂಕಿಗಾಗಿ ಅಪ್ಪ ಏಳು ಸಲ ಹೋಗಿಬಂದ. ಐದನೆಯ ಸಲ ನಾನೂ ಜೊತೆಗಿದ್ದೆ. ಗುಮಾಸ್ತರು ಅಪ್ಪನ ಮಾತನ್ನು ಎರಡೆರಡು ಸಲ ಕೇಳಿ ತಿಳಿದುಕೊಳ್ಳುತ್ತಿದ್ದರು. ಅಪ್ಪನೂ ಅವರ ಮಾತಿಗೆ ಎರಡು ಸಲ "ಏನಂದ್ರಿ?" ಅನ್ನುತ್ತಿದ್ದ. ಇಬ್ಬರೂ ಆಡುತ್ತಿದ್ದದ್ದು ಕನ್ನಡವೇ. ವಿಧಾನಸೌಧದ ಎದುರು ನಿಂತು ತಲೆ ಎತ್ತಿ ನೋಡಿದ ಅಪ್ಪ ಒಂದೇ ಮಾತು ಕೇಳಿದ: "ಇದನ್ನ ಇಷ್ಟ ದೂರ ಯಾಕ ಕಟ್ಯಾರಪಾ?"

ಆಗ ನನ್ನಲ್ಲಿ ಉತ್ತರ ಇರಲಿಲ್ಲ. ಈಗ ಉತ್ತರದ ಕೆಲವು ತುಂಡುಗಳು ಸಿಕ್ಕಿವೆ.

ಕರ್ನಾಟಕದ ನಕ್ಷೆಯನ್ನು ಮೇಜಿನ ಮೇಲೆ ಹರಡಿದರೆ ಬೆಂಗಳೂರು ಆಗ್ನೇಯದ ತುದಿಯಲ್ಲಿ ಕಾಣುತ್ತದೆ. ವಿಧಾನಸೌಧದಿಂದ ಹೊರಟರೆ 40 ಕಿಲೋಮೀಟರ್ ಮುಗಿಯುವ ಮೊದಲೇ ಅತ್ತಿಬೆಲೆ ದಾಟಿ ತಮಿಳುನಾಡು ಸೇರಿಕೊಳ್ಳಬಹುದು. ಅದೇ ವಿಧಾನಸೌಧಕ್ಕೆ ಬೆಳಗಾವಿ ಸುಮಾರು 500 ಕಿ.ಮೀ., ಬೀದರ್ ಸುಮಾರು 700 ಕಿ.ಮೀ. ಬೀದರಿನವರಿಗೆ ಹೈದರಾಬಾದು ಮಗ್ಗುಲ ಮನೆ. ಬೆಳಿಗ್ಗೆ ಹೋಗಿ ದವಾಖಾನೆ ತೋರಿಸಿ ಸಂಜೆ ಬರುತ್ತಾರೆ. ಬೆಳಗಾವಿಯವರಿಗೆ ಕೊಲ್ಹಾಪುರ, ಪುಣೆ ಹತ್ತಿರ. ಒಂದು ರಾಜ್ಯದ ಜನ ಕಾಯಿಲೆ ಬಿದ್ದಾಗ, ಮಗನನ್ನು ಕಾಲೇಜಿಗೆ ಸೇರಿಸುವಾಗ, ಮದುವೆಯ ಜವಳಿ ತರುವಾಗ ಬೇರೆ ರಾಜ್ಯದ ಊರಿಗೆ ಮುಖ ಮಾಡುತ್ತಾರೆ, ಕಾಗದಕ್ಕೆ ಮುದ್ರೆ ಬೀಳಬೇಕಾದಾಗ ಮಾತ್ರ ತಮ್ಮ ರಾಜಧಾನಿಗೆ ಬರುತ್ತಾರೆ ಎಂಬುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಯಾರೂ ಆರಿಸದ ಊರು

ಬೆಂಗಳೂರು ಕರ್ನಾಟಕದ ರಾಜಧಾನಿಯಾದದ್ದು ಹೇಗೆ ಎಂದು ಹಿಂದಕ್ಕೆ ಹೋದರೆ ಸಿಗುವುದು ಜ್ವರ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಬ್ರಿಟಿಷ್ ದಂಡು ಶ್ರೀರಂಗಪಟ್ಟಣದಲ್ಲಿ ತಳವೂರಿತು. ಕಾವೇರಿಯ ನಡುಗಡ್ಡೆ, ಸುತ್ತ ಗದ್ದೆ, ಸೊಳ್ಳೆ. ಸೈನಿಕರು ಜ್ವರದಲ್ಲಿ ನರಳಿದರು. ದಂಡು 1809ರಲ್ಲಿ ಬೆಂಗಳೂರಿನ ಎತ್ತರಕ್ಕೆ, ತಂಪು ಹವೆಗೆ ಬಂದಿತು. ಹಲಸೂರಿನ ಸುತ್ತ ದಂಡುಪ್ರದೇಶ ಬೆಳೆಯಿತು. ಆಗಲೂ ರಾಜಧಾನಿ ಮೈಸೂರೇ. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡ ಬ್ರಿಟಿಷರು ಕಮಿಷನರನ್ನು ಕೂರಿಸಿದರು. ಕಚೇರಿಗಳು ಬೆಂಗಳೂರಿನ ಕೋಟೆಯೊಳಗಿನ ಟಿಪ್ಪು ಅರಮನೆಗೆ ಬಂದವು. 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ಆಡಳಿತದ ಬೇರು ಇಲ್ಲಿಯೇ ಇಳಿಯಿತು. 1868ರ ಹೊತ್ತಿಗೆ ಕೆಂಪು ಬಣ್ಣದ ಅಠಾರಾ ಕಚೇರಿ ಎದ್ದಿತು. ಹದಿನೆಂಟು ಇಲಾಖೆಗಳು ಒಂದೇ ಸೂರಿನಡಿ ಸೇರಿದ್ದರಿಂದ ಆ ಹೆಸರು.

1881ರಲ್ಲಿ ರಾಜ್ಯ ಒಡೆಯರಿಗೆ ಮರಳಿತು. ಅರಮನೆ ಮೈಸೂರಿನಲ್ಲಿ ಉಳಿಯಿತು, ದಿವಾನರ ಕಚೇರಿ ಬೆಂಗಳೂರಿನಲ್ಲಿ ಉಳಿಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಮೈಸೂರು ಪ್ರಜಾ ಪ್ರತಿನಿಧಿ ಸಭೆಯನ್ನು ಕರೆದರು. 144 ಜನ ಪ್ರತಿನಿಧಿಗಳು ಸೇರಿದ್ದು ಮೈಸೂರಿನಲ್ಲಿ, ದಸರೆಯ ಹೊತ್ತಿಗೆ. ಹಬ್ಬಕ್ಕೆ ಹೇಗೂ ನಾಡಿನ ಜನ ಬರುತ್ತಾರೆ, ಅವರ ಅಹವಾಲು ಅಲ್ಲಿಯೇ ಕೇಳೋಣ ಎಂಬ ಲೆಕ್ಕ. ಜನ ಸೇರುವ ಕಡೆ ಸಭೆ, ಕಡತ ಇರುವ ಕಡೆ ಆಡಳಿತ. ಬೆಳಗಾವಿಯಲ್ಲಿ ನಡೆಯುವ ವಿಧಾನಮಂಡಲದ ಅಧಿವೇಶನದ ಬಗ್ಗೆ ನಾವು ಇವತ್ತು ಆಡುವ ಮಾತುಗಳೆಲ್ಲ ಹೊಸವು ಎಂದುಕೊಂಡಿದ್ದ ನನಗೆ ಈ ಸಂಗತಿ ಓದಿದ ದಿನ ಬಹಳ ಹೊತ್ತು ಬೇರೇನೂ ತೋಚಲಿಲ್ಲ. 140 ವರ್ಷಗಳ ಹಿಂದೆಯೇ ನಮ್ಮಲ್ಲಿ ರಾಜಧಾನಿ ಎರಡು ಊರುಗಳಲ್ಲಿ ಹಂಚಿಹೋಗಿತ್ತು!

ವಿಧಾನಸೌಧಕ್ಕೆ ನೆಹರೂ ಅಡಿಗಲ್ಲು ಹಾಕಿದ್ದು 1951ರ ಜುಲೈನಲ್ಲಿ. ಆಗ ಮೈಸೂರು ರಾಜ್ಯಕ್ಕೆ ಇದ್ದದ್ದು ಒಂಬತ್ತೇ ಜಿಲ್ಲೆ. ಬೆಂಗಳೂರು, ಕೋಲಾರ, ತುಮಕೂರು, ಮಂಡ್ಯ, ಮೈಸೂರು, ಹಾಸನ, ಚಿಕ್ಕಮಗಳೂರು, ಶಿವಮೊಗ್ಗ, ಚಿತ್ರದುರ್ಗ. ಆ ರಾಜ್ಯದ ಮಟ್ಟಿಗೆ ಬೆಂಗಳೂರು ಸಲ್ಲುವ ಊರೇ. ಯಾವ ಜಿಲ್ಲೆಯವರಾದರೂ ಬೆಳಿಗ್ಗೆ ಹೊರಟು ಅದೇ ದಿನ ತಲುಪಬಲ್ಲರು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಮನಸ್ಸಿಟ್ಟು ಕಟ್ಟಿಸಿದ ಆ ಭವ್ಯ ಕಟ್ಟಡ 1956ರಲ್ಲಿ ಮುಗಿಯಿತು. ಅದೇ ವರ್ಷ ನವೆಂಬರ್ 1ರಂದು ರಾಜ್ಯ ಒಂದೇ ದಿನದಲ್ಲಿ ಎರಡು ಪಟ್ಟಿಗೂ ಮಿಕ್ಕಿ ಹಿಗ್ಗಿತು. ಮುಂಬಯಿ ಪ್ರಾಂತದಿಂದ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಬಂದವು. ಹೈದರಾಬಾದಿನಿಂದ ಬೀದರ್, ಕಲಬುರಗಿ, ರಾಯಚೂರು. ಮದ್ರಾಸಿನಿಂದ ದಕ್ಷಿಣ ಕನ್ನಡ. ಜೊತೆಗೆ ಕೊಡಗು. ಬಳ್ಳಾರಿ ಮೂರು ವರ್ಷ ಮೊದಲೇ ಬಂದಿತ್ತು. ಮನೆ ಕಟ್ಟಿ ಮುಗಿಸುವ ಹೊತ್ತಿಗೆ ಮನೆಮಂದಿ ಇಮ್ಮಡಿಯಾಗಿದ್ದರು, ಬಂದವರಲ್ಲಿ ಹೆಚ್ಚಿನವರು ಬಾಗಿಲಿನಿಂದ ಬಹಳ ದೂರದಲ್ಲಿದ್ದರು. ಆದರೂ ಮನೆ ಅಲ್ಲಿಯೇ ಉಳಿಯಿತು. ಹೊಸದಾಗಿ ಹೊಳೆಯುತ್ತಿದ್ದ ಗ್ರಾನೈಟ್ ಸೌಧವನ್ನು ಬಿಟ್ಟು ದಾವಣಗೆರೆಗೋ ಹುಬ್ಬಳ್ಳಿಗೋ ಹೋಗಿ ಅಡಿಪಾಯ ತೋಡಲು ಆ ಬಡ ಕಾಲದಲ್ಲಿ ಯಾರಿಗೆ ಸಾಧ್ಯವಿತ್ತು?

ಆ ದಿನ ಕೆಲವು ಊರುಗಳು ತಮ್ಮದನ್ನು ಕಳೆದುಕೊಂಡವು ಎಂಬುದನ್ನೂ ಹೇಳಬೇಕು. ಅಕ್ಟೋಬರ್ 31ರವರೆಗೆ ಮಡಿಕೇರಿ ಒಂದು ರಾಜ್ಯದ ರಾಜಧಾನಿ. 24 ಸದಸ್ಯರ ಪುಟ್ಟ ವಿಧಾನಸಭೆ, ಸ್ವಂತ ಮುಖ್ಯಮಂತ್ರಿ. ಮರುದಿನ ಅದು ಜಿಲ್ಲಾ ಕೇಂದ್ರ. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿ, ಏಕೀಕರಣದ ಕನಸನ್ನು ಮೊದಲು ಕಂಡು, ಆಲೂರ ವೆಂಕಟರಾಯರ ಜೊತೆ ಊರೂರು ತಿರುಗಿದ ಧಾರವಾಡಕ್ಕೂ ಹೊಸ ರಾಜ್ಯ ಕಟ್ಟುವಾಗ ಆಡಳಿತದ ದೊಡ್ಡ ಪಾಲೇನೂ ದಕ್ಕಲಿಲ್ಲ. ರಾಜ್ಯ ಬೇಕು ಎಂದು ಅತ್ತವರು ಉತ್ತರದವರು. ಹಳೆಯ ಮೈಸೂರಿನಲ್ಲಿ ಏಕೀಕರಣವನ್ನು ಅನುಮಾನದಿಂದ ನೋಡಿದವರೂ ಇದ್ದರು. ಅಂಥ ಕಡೆ ರಾಜಧಾನಿ ಉಳಿದದ್ದು ಉತ್ತರದ ಮನಸ್ಸಿನಲ್ಲಿ ಒಂದು ಮುಳ್ಳಾಗಿ ಉಳಿಯಿತು. ನಾನು ಬೆಳೆದ ಮನೆಯ ಜಗಲಿಯ ಮೇಲೆ ಆ ಮುಳ್ಳಿನ ಮಾತು ಆಗಾಗ ಬರುತ್ತಿತ್ತು.

ಕನ್ನಡದ ಹಳೆಯ ರಾಜಧಾನಿಗಳನ್ನು ನೆನೆದರೆ ಆ ಮುಳ್ಳು ಇನ್ನಷ್ಟು ಚುಚ್ಚುತ್ತದೆ. ಬನವಾಸಿ, ಬಾದಾಮಿ, ಮಾನ್ಯಖೇಟ, ಕಲ್ಯಾಣ, ಹಂಪಿ. ತಲಕಾಡು, ದ್ವಾರಸಮುದ್ರ, ಮೈಸೂರಿನಂಥವನ್ನು ಬಿಟ್ಟರೆ ಕನ್ನಡ ದೊರೆಗಳು ಕೂತು ಆಳಿದ ದೊಡ್ಡ ಊರುಗಳಲ್ಲಿ ಹೆಚ್ಚಿನವು ಇವತ್ತಿನ ನಕ್ಷೆಯ ಮೇಲ್ಭಾಗದಲ್ಲೋ ನಡುವಿನಲ್ಲೋ ಇವೆ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ, ಕನ್ನಡದ ತಿರುಳು ಎಲ್ಲಿದೆ ಎಂದು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳು ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಬೆಳಗಾವಿ ಜಿಲ್ಲೆಯ ಒಕ್ಕುಂದ. ಆ ನಾಲ್ಕು ಊರುಗಳಿಗೆ ಗೆರೆ ಎಳೆದರೆ ಒಳಗೆ ಸಿಗುವ ನೆಲ ಮಲಪ್ರಭೆಯ ಕಣಿವೆ, ಗದಗಿನ ಎರೆಭೂಮಿ. ನಮ್ಮಪ್ಪನ ಹಳ್ಳಿ ಆ ಗೆರೆಯಿಂದ ಬಹಳ ದೂರವಿಲ್ಲ.

ಮಾನ್ಯಖೇಟ ಈಗ ಸೇಡಂ ತಾಲ್ಲೂಕಿನ ಮಳಖೇಡ. ಕಾಗಿಣಾ ನದಿಯ ದಂಡೆಯ ಮೇಲೆ ಕೋಟೆಯ ಗೋಡೆಗಳು ನಿಂತಿವೆ, ಸುತ್ತಮುತ್ತ ಸಿಮೆಂಟು ಕಾರ್ಖಾನೆಗಳ ಹೊಗೆ. ಆ ಕೋಟೆಯ ಮೇಲೆ ಒಂದು ಸಂಜೆ ಕೂತಿದ್ದೆ. ರಾಜಧಾನಿ ಎಂಬುದು ಊರಿನ ಹುಟ್ಟುಗುಣವಲ್ಲ, ದೊರೆ ಕೂತರೆ ಬರುತ್ತದೆ, ಎದ್ದರೆ ಹೋಗುತ್ತದೆ ಎಂದು ಅಲ್ಲಿ ಅನಿಸಿತು. ಚಾಲುಕ್ಯರು ಮಾನ್ಯಖೇಟವನ್ನು ಬಿಟ್ಟು ಕಲ್ಯಾಣಕ್ಕೆ ಹೋದಾಗ ಈ ಊರಿನ ಅಂಗಡಿಯವರೂ ಗಂಟು ಕಟ್ಟಿ ಹಿಂದೆ ಹೊರಟಿರಬೇಕು.

ನೆರೆಯವರ ಪಾಠ

ಕರ್ನಾಟಕ ಒಂದೇ ಹೀಗಿಲ್ಲ. ಮದ್ರಾಸು, ಕಲ್ಕತ್ತ, ಮುಂಬಯಿ ಮೂರೂ ಹಡಗಿನಿಂದ ಇಳಿದವರು ಕಟ್ಟಿಕೊಂಡ ಬಂದರಿನ ಊರುಗಳು. ಸ್ವಾತಂತ್ರ್ಯದ ನಂತರ ಅವು ತಮ್ಮ ತಮ್ಮ ರಾಜ್ಯಗಳ ಅಂಚಿನಲ್ಲೇ ಉಳಿದುಬಿಟ್ಟವು. ಎಂ.ಜಿ. ರಾಮಚಂದ್ರನ್ 1980ರ ದಶಕದಲ್ಲಿ ತಮಿಳುನಾಡಿನ ರಾಜಧಾನಿಯನ್ನು ತಿರುಚಿರಾಪಳ್ಳಿಗೆ ಒಯ್ಯುವ ಮಾತೆತ್ತಿದ್ದರು, ಆಗಲಿಲ್ಲ. ತಿರುವನಂತಪುರ ಕೇರಳದ ದಕ್ಷಿಣ ತುದಿಯಲ್ಲಿದೆ, ಆದರೆ ಕೇರಳದ ಹೈಕೋರ್ಟು ಎರ್ನಾಕುಲಂನಲ್ಲಿದೆ. 1956ರಲ್ಲಿ ಹೊಸ ಮಧ್ಯಪ್ರದೇಶ ಆದಾಗ ಭೋಪಾಲ, ಜಬಲ್ಪುರ, ಗ್ವಾಲಿಯರ್, ಇಂದೋರ್ ನಾಲ್ಕೂ ಊರುಗಳು ಕೈಚಾಚಿದ್ದವು. ರಾಜಧಾನಿ ಭೋಪಾಲಕ್ಕೆ, ಹೈಕೋರ್ಟು ಜಬಲ್ಪುರಕ್ಕೆ, ಕಂದಾಯ ಮಂಡಳಿ ಗ್ವಾಲಿಯರ್‌ಗೆ, ಲೋಕಸೇವಾ ಆಯೋಗ ಇಂದೋರಿಗೆ ಹೋದವು. ಅಣ್ಣತಮ್ಮಂದಿರು ಹಿಸೆ ಮಾಡಿಕೊಂಡಂತೆ. ನಮ್ಮಲ್ಲಿ ಆ ಹಿಸೆ ಆಗಲೇ ಆಗಬೇಕಿತ್ತು ಎಂದು ನನ್ನ ಗಟ್ಟಿ ನಂಬಿಕೆ.

ಒಡಿಶಾ ಕಟಕ್‌ನ್ನು ಬಿಟ್ಟು ಭುವನೇಶ್ವರವನ್ನು ಹೊಸದಾಗಿ ಕಟ್ಟಿಕೊಂಡಿತು. 1948ರಲ್ಲಿ ಅದಕ್ಕೂ ನೆಹರೂ ಅಡಿಗಲ್ಲು. ಆ ಊರಿನ ನಕ್ಷೆ ಬರೆದ ಜರ್ಮನ್ ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್ ಅದಕ್ಕೂ ಮೊದಲು ಮೈಸೂರು ಸರ್ಕಾರದ ವಾಸ್ತುಶಿಲ್ಪಿಯಾಗಿ ಬೆಂಗಳೂರಿನಲ್ಲಿದ್ದವರು.

ಆಂಧ್ರದ ಕತೆಯ ಹತ್ತಿರ ಮಾತ್ರ ನಿಂತುಕೊಳ್ಳಬೇಕು. ಅಲ್ಲಿ ಈ ಪ್ರಶ್ನೆ ಜನರ ಬದುಕನ್ನೇ ಅಲ್ಲಾಡಿಸಿದೆ. 1937ರಲ್ಲೇ ಕರಾವಳಿಯ ನಾಯಕರೂ ರಾಯಲಸೀಮೆಯ ನಾಯಕರೂ ಶ್ರೀಬಾಗ್ ಒಪ್ಪಂದ ಮಾಡಿಕೊಂಡಿದ್ದರು. ತೆಲುಗರಿಗೆ ರಾಜ್ಯ ಸಿಕ್ಕಿದರೆ ರಾಜಧಾನಿ, ಹೈಕೋರ್ಟು ಎರಡರಲ್ಲಿ ಒಂದು ರಾಯಲಸೀಮೆಗೆ ಬರಬೇಕು ಎಂಬುದು ಅದರಲ್ಲಿನ ಮಾತು. 1953ರ ಅಕ್ಟೋಬರ್ 1ರಂದು, ಬಳ್ಳಾರಿ ಮೈಸೂರಿಗೆ ಸೇರಿದ ಅದೇ ದಿನ, ಕರ್ನೂಲು ಆಂಧ್ರದ ರಾಜಧಾನಿಯಾಯಿತು. ಕಟ್ಟಡ ಸಾಲದೆ ಗುಡಾರಗಳಲ್ಲಿ ಕಚೇರಿ ನಡೆಸಿದರು. ಮೂರೇ ವರ್ಷ. 1956ರಲ್ಲಿ ರಾಜಧಾನಿ ಹೈದರಾಬಾದಿಗೆ ಹೋಯಿತು, ಕರ್ನೂಲಿನ ಕೈ ಖಾಲಿಯಾಯಿತು. ಮುಂದೆ ಆರು ದಶಕ ಎಲ್ಲರೂ ಸೇರಿ ಹೈದರಾಬಾದನ್ನು ಬೆಳೆಸಿದರು. 2014ರಲ್ಲಿ ತೆಲಂಗಾಣ ಬೇರೆಯಾದಾಗ ಆಂಧ್ರದವರ ಕೈಯಲ್ಲಿ ತಮ್ಮದೇ ಆದ ರಾಜಧಾನಿ ಉಳಿಯಲಿಲ್ಲ. ಎಲ್ಲವನ್ನೂ ಒಂದೇ ಊರಿನಲ್ಲಿ ಗುಡ್ಡೆ ಹಾಕಿದವರಿಗೆ ಆ ಊರು ಕೈತಪ್ಪಿದ ದಿನ ಏನಾಗುತ್ತದೆ ಎಂದು ಅವರು ನೋಡಿದರು.

ಕೇಂದ್ರ ನೇಮಿಸಿದ ಶಿವರಾಮಕೃಷ್ಣನ್ ಸಮಿತಿ ಮತ್ತೆ ಒಂದೇ ಮಹಾನಗರಿ ಕಟ್ಟಬೇಡಿ, ಕಚೇರಿಗಳನ್ನು ಹಂಚಿ ಎಂದಿತು. ಸರ್ಕಾರ ಕೇಳಲಿಲ್ಲ. ಕೃಷ್ಣೆಯ ದಡದ ಅಮರಾವತಿಗೆ ರೈತರು ಮೂವತ್ತು ಸಾವಿರ ಎಕರೆಗೂ ಹೆಚ್ಚು ಹೊಲ ಕೊಟ್ಟರು. 2015ರಲ್ಲಿ ಪ್ರಧಾನಿ ಅಡಿಗಲ್ಲು ಹಾಕಿದರು. 2019ರಲ್ಲಿ ಸರ್ಕಾರ ಬದಲಾಯಿತು. ಶಾಸಕಾಂಗ ಅಮರಾವತಿಯಲ್ಲಿ, ಕಾರ್ಯಾಂಗ ವಿಶಾಖಪಟ್ಟಣದಲ್ಲಿ, ನ್ಯಾಯಾಂಗ ಕರ್ನೂಲಿನಲ್ಲಿ ಎಂದರು. ಹೊಲ ಕೊಟ್ಟವರು ಬೀದಿಗೆ ಬಿದ್ದರು, ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2024ರಲ್ಲಿ ಮತ್ತೆ ಸರ್ಕಾರ ಬದಲಾಗಿ ಅಮರಾವತಿಯ ಕೆಲಸ ಮತ್ತೆ ಶುರುವಾಯಿತು. ಹೊಲ ಬಿಟ್ಟುಕೊಟ್ಟ ರೈತನ ಸಂಕಟ ನನಗೆ ಗೊತ್ತು. ಅದೇ ಕೃಷ್ಣೆ ನಮ್ಮ ಕಡೆ ಆಲಮಟ್ಟಿಯಲ್ಲಿ ನಿಂತು ನಮ್ಮ ಬಂಧುಗಳ ಮನೆಗಳನ್ನು ಮುಳುಗಿಸಿದೆ. ಆದ್ದರಿಂದ ಬೆಂಗಳೂರನ್ನು ಬಿಟ್ಟು ನಡುನಾಡಿನಲ್ಲಿ ಹೊಸ ರಾಜಧಾನಿ ಕಟ್ಟೋಣ ಎಂದು ಯಾರಾದರೂ ಹೇಳಿದಾಗ, ಎಷ್ಟೇ ನ್ಯಾಯದ ಮಾತಾಗಿ ಕೇಳಿಸಿದರೂ, ಯಾರ ಹೊಲದಲ್ಲಿ ಎಂಬ ಪ್ರಶ್ನೆ ನನಗೆ ಮೊದಲು ಬರುತ್ತದೆ.

ಇನ್ನೊಂದು ಎಚ್ಚರಿಕೆ ದೂರದ ಅಮೆರಿಕದಿಂದ ಬಂದಿದೆ. ಅಲ್ಲಿನ ಹಲವು ರಾಜ್ಯಗಳು ಬೇಕೆಂದೇ ದೊಡ್ಡ ನಗರಗಳನ್ನು ಬಿಟ್ಟು ಸಣ್ಣ ಊರುಗಳನ್ನು ರಾಜಧಾನಿ ಮಾಡಿಕೊಂಡಿವೆ. ನ್ಯೂಯಾರ್ಕ್ ರಾಜ್ಯಕ್ಕೆ ಆಲ್ಬನಿ, ಇಲಿನಾಯ್‌ಗೆ ಸ್ಪ್ರಿಂಗ್‌ಫೀಲ್ಡ್. ಫಿಲಿಪೆ ಕಂಪಾಂಟೆ ಮತ್ತು ಕ್ವಾಕ್ ಆನ್ ಡೊ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನವಸತಿಯಿಂದ ದೂರ ಇರುವ ರಾಜಧಾನಿಗಳಲ್ಲಿ ಭ್ರಷ್ಟಾಚಾರ ಹೆಚ್ಚು ಕಂಡುಬಂದಿತು. ಅಂಥ ಕಡೆ ಪತ್ರಿಕೆಗಳ ಕಣ್ಣು ಕಡಿಮೆ ಬೀಳುತ್ತದೆ ಎಂಬುದು ಅವರು ಕಂಡ ಕಾರಣಗಳಲ್ಲಿ ಒಂದು. ನಕ್ಷೆಯ ನಡುವೆ ಚುಕ್ಕಿ ಇಟ್ಟರೆ ನ್ಯಾಯ ತಾನಾಗಿ ಬರುವುದಿಲ್ಲ. ಆ ಚುಕ್ಕಿಯ ಸುತ್ತ ಜನ ಇರಬೇಕು, ಅವರಿಗೆ ಬಾಯಿ ಇರಬೇಕು.

ಹತ್ತಿರ ಇದ್ದವರೂ ದೂರ

ದೂರ ಇರುವುದರಿಂದಲೇ ಹಿಂದುಳಿದೆವು ಎಂಬ ಮಾತನ್ನು ನಾನು ಬಹುಕಾಲ ಹಾಗೆಯೇ ನಂಬಿದ್ದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ಓದಿದ ಮೇಲೆ ಆ ನಂಬಿಕೆಯನ್ನು ತುಸು ತಿದ್ದಿಕೊಳ್ಳಬೇಕಾಯಿತು. ಸಮಿತಿ 35 ಸೂಚಕಗಳನ್ನು ಇಟ್ಟುಕೊಂಡು ಆಗಿನ 175 ತಾಲ್ಲೂಕುಗಳನ್ನೂ ತೂಗಿ ನೋಡಿತು. 114 ತಾಲ್ಲೂಕುಗಳು ಹಿಂದುಳಿದವು ಎಂದಿತು. ಅವುಗಳಲ್ಲಿ ಅತ್ಯಂತ ಹಿಂದುಳಿದವು 39. ಆ 39ರಲ್ಲಿ 26 ಉತ್ತರದವು, ಅದರಲ್ಲೂ 21 ಕಲಬುರಗಿ ವಿಭಾಗದವು. ಇಲ್ಲಿಯವರೆಗೆ ನಮ್ಮ ಜಗಲಿಯ ಮಾತೇ ನಿಜ.

ಉಳಿದ 13ರ ಪಟ್ಟಿ ನೋಡಿದರೆ 11 ತಾಲ್ಲೂಕುಗಳು ಬೆಂಗಳೂರು ವಿಭಾಗದಲ್ಲೇ ಇದ್ದವು. ಮಾಗಡಿ, ಕನಕಪುರ, ಕುಣಿಗಲ್, ಪಾವಗಡ, ಬಾಗೇಪಲ್ಲಿ. ಮಾಗಡಿಯಿಂದ ವಿಧಾನಸೌಧಕ್ಕೆ ಎರಡು ತಾಸಿನ ದಾರಿಯೂ ಇಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಹೇಳುವ ಮಾತು ಅಂಕಿಗಳಲ್ಲಿ ಕಾಣಿಸಿತು. ಮಾಗಡಿಯ ರೈತನೂ ಬೀಳಗಿಯ ಮಾಸ್ತರನೂ "ನಾಳೆ ಬನ್ನಿ" ಎಂಬ ಅದೇ ಮಾತನ್ನು ಕೇಳಿಸಿಕೊಂಡಿರಬೇಕು, ಮಾಗಡಿಯವನು ರಾತ್ರಿ ಮನೆಗೆ ಹೋಗಿ ಮಲಗಿದ್ದಾನೆ ಅಷ್ಟೆ. ಹಾಗೆಂದು ದೂರ ಲೆಕ್ಕಕ್ಕಿಲ್ಲ ಎಂದಲ್ಲ. 26 ಮತ್ತು 13ರ ನಡುವಿನ ಅಂತರ ಸಣ್ಣದಲ್ಲ. ಹಿಂದುಳಿದ ತಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿಗಾಗಿ ಕಲ್ಯಾಣ ಕರ್ನಾಟಕದ ಜನ ವರ್ಷಗಟ್ಟಲೆ ಹೋರಾಡಿ 2012ರಲ್ಲಿ ಸಂವಿಧಾನ ತಿದ್ದುಪಡಿ ತರಿಸಿಕೊಂಡದ್ದು ಸುಮ್ಮನೆ ಅಲ್ಲ. ಆ ತಿದ್ದುಪಡಿಯಿಂದ ಬಂದ ಪ್ರಾದೇಶಿಕ ಮಂಡಳಿಯ ಕೇಂದ್ರ ಕಲಬುರಗಿಯಲ್ಲಿದೆ. ಅನುದಾನ ಯಾವ ಹಳ್ಳಿಯ ಶಾಲೆಗೆ ಎಂಬ ಮಾತು ಅಲ್ಲಿಯೇ ಆಗುವಂತಾಯಿತು.

ಇನ್ನು ಬೆಳಗಾವಿ. 2006ರ ಸೆಪ್ಟೆಂಬರಿನಲ್ಲಿ ಕೆ.ಎಲ್.ಇ. ಸಂಸ್ಥೆಯ ಆವರಣದಲ್ಲಿ ಮೊದಲ ಅಧಿವೇಶನ ನಡೆದಾಗ ಉತ್ತರದ ಮಂದಿಗೆ ಆದ ಸಂತೋಷ ನೆನಪಿದೆ. ಮಹಾರಾಷ್ಟ್ರ ಬೆಳಗಾವಿ ತನ್ನದೆಂದು ಸುಪ್ರೀಂ ಕೋರ್ಟಿಗೆ ಹೋಗಿ ಎರಡೇ ವರ್ಷವಾಗಿತ್ತು. ಸರ್ಕಾರ ಬಂದು ಇಲ್ಲಿ ಕೂತದ್ದು ಆ ದಾವೆಗೆ ಕೊಟ್ಟ ಉತ್ತರವೂ ಆಗಿತ್ತು. 2012ರ ಅಕ್ಟೋಬರ್ 11ರಂದು ಆಗಿನ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಸುವರ್ಣ ವಿಧಾನಸೌಧವನ್ನು ಉದ್ಘಾಟಿಸಿದರು. ಹಲಗಾ, ಬಸ್ತವಾಡ ಊರುಗಳ ನಡುವಿನ ಎತ್ತರದಲ್ಲಿ, ಹೆದ್ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ ಬಿಳಿ ಸೌಧ ನಿಂತಿತು.

ಚಳಿಗಾಲದ ಹತ್ತು ದಿನ ಅಲ್ಲಿ ಹೋಗಿ ನೋಡಬೇಕು. ಸೌಧದ ಒಳಗಿನದನ್ನು ಟಿವಿ ತೋರಿಸುತ್ತದೆ. ನಾನು ಹೋಗುವುದು ಹೊರಗೆ, ಬಸ್ತವಾಡ ಮತ್ತು ಕೊಂಡಸಕೊಪ್ಪದಲ್ಲಿ ಹಾಕುವ ಪೆಂಡಾಲುಗಳಿಗೆ. ಅಂಗನವಾಡಿ ತಾಯಂದಿರು, ಕಬ್ಬಿನ ಬಿಲ್ಲು ಸಿಗದ ರೈತರು, ಅತಿಥಿ ಉಪನ್ಯಾಸಕರು, ಮೀಸಲಾತಿ ಕೇಳುವ ಸಮುದಾಯಗಳು, ಮಲಪ್ರಭೆಗೆ ಮಹದಾಯಿ ನೀರು ಬೇಕೆಂದು ನವಲಗುಂದ, ನರಗುಂದದಿಂದ ಬಂದವರು. ಚಾಪೆ ಹಾಸಿ, ಬುತ್ತಿ ಬಿಚ್ಚಿ ಕೂತಿರುತ್ತಾರೆ. ಮಂತ್ರಿಯೊಬ್ಬರು ಬಂದು ಮನವಿಪತ್ರ ತೆಗೆದುಕೊಂಡು ಹೋಗುತ್ತಾರೆ. ಒಂದು ವರ್ಷ ಅಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯ ರೈತರು ಮಂತ್ರಿಗಳು ಎದ್ದುಹೋದ ಮೇಲೆ ಕೇಳಿದರು: "ಇದಕ್ಕ ಸಹಿ ಇಲ್ಲೇ ಬೀಳತದೋ, ಮತ್ತ ಬೆಂಗಳೂರಿಗೇ ಹೊಕ್ಕದೋ?" ಅಧಿವೇಶನ ಮುಗಿದ ಮರುದಿನ ಕಡತಗಳ ಪೆಟ್ಟಿಗೆಗಳು ಬೆಂಗಳೂರಿನ ದಾರಿ ಹಿಡಿದವು. ಅವರ ಮನವಿಪತ್ರ ಯಾವುದೋ ಒಂದು ಪೆಟ್ಟಿಗೆಯಲ್ಲಿ ಇದ್ದಿರಬೇಕು.

ಉಳಿದ ಹನ್ನೊಂದು ತಿಂಗಳು ಆ ಸೌಧ ಬಹುಪಾಲು ಮೌನ. 2022ರ ಬೇಸಿಗೆಯಲ್ಲಿ ಅದರ ಮುಂದೆ ಶಾವಿಗೆ, ಹಪ್ಪಳ ಒಣಹಾಕಿದ ಫೋಟೊ ಎಲ್ಲೆಡೆ ಹರಿದಾಡಿತು. ಅಲ್ಲಿ ಕೆಲಸ ಮಾಡುತ್ತಿದ್ದ ಹೆಣ್ಣುಮಗಳೊಬ್ಬರು ಬಿಸಿಲಿಗೆ ಹರವಿದ್ದರು. ಅವಮಾನ ಎಂದು ಕೆಲವರು ಸಿಟ್ಟಾದರು. ನನಗೆ ಆ ತಾಯಿಯ ಮೇಲೆ ಸಿಟ್ಟು ಬರಲಿಲ್ಲ. ಒಳ್ಳೆಯ ಬಿಸಿಲು, ಸ್ವಚ್ಛ ನೆಲ, ಯಾರೂ ಓಡಾಡದ ಜಾಗ. ಅಲ್ಲಿ ಇಲಾಖೆಗಳು ನಡೆಯುತ್ತಿದ್ದರೆ, ಬೀಳಗಿಯ ಮಾಸ್ತರರು, ಇಂಡಿ ತಾಲ್ಲೂಕಿನ ರೈತರು ಕಾಗದ ಹಿಡಿದು ಸಾಲಿನಲ್ಲಿ ನಿಂತಿದ್ದರೆ ಹಪ್ಪಳಕ್ಕೆ ಜಾಗ ಎಲ್ಲಿರುತ್ತಿತ್ತು? ಇಲಾಖೆಗಳನ್ನು ಅಲ್ಲಿಗೆ ತರುತ್ತೇವೆ ಎಂದು ಬಂದ ಬಂದ ಸರ್ಕಾರಗಳೆಲ್ಲ ಹೇಳಿವೆ. ಕೆಲವು ಕಚೇರಿ ಬಂದಿವೆ. ಇಲಾಖೆಯ ಮುಖ್ಯಸ್ಥರು, ಕೊನೆಯ ಸಹಿ ಹಾಕುವವರು, ವರ್ಷವಿಡೀ ಅಲ್ಲಿ ಕೂರುವ ದಿನ ಮಾತ್ರ ಇನ್ನೂ ಬಂದಿಲ್ಲ.

ಆಗದ ಕೆಲಸವೇನೂ ಇದಲ್ಲ. ನೈಋತ್ಯ ರೈಲ್ವೆ ವಲಯ ಶುರುವಾದಾಗ ಕೇಂದ್ರ ಕಚೇರಿ ತಮಗೆ ಬೇಕೆಂದು ಬೆಂಗಳೂರು, ಹುಬ್ಬಳ್ಳಿ ಎರಡೂ ಪಟ್ಟು ಹಿಡಿದವು. 2003ರ ಏಪ್ರಿಲ್‌ನಿಂದ ಅದು ಹುಬ್ಬಳ್ಳಿಯಲ್ಲಿದೆ. ಬೆಂಗಳೂರಿನ ರೈಲುಗಳು ಅದರಿಂದ ನಿಂತುಹೋಗಿಲ್ಲ. ಸಾರಿಗೆ ನಿಗಮವನ್ನು ಒಡೆದು ಹುಬ್ಬಳ್ಳಿಗೂ ಕಲಬುರಗಿಗೂ ಕೊಟ್ಟರು, ಬಸ್ಸುಗಳು ಓಡುತ್ತಿವೆ. 2002ರಲ್ಲಿ ವಿದ್ಯುತ್ ಹಂಚಿಕೆಯನ್ನು ಹೆಸ್ಕಾಂ, ಜೆಸ್ಕಾಂ, ಮೆಸ್ಕಾಂ ಮೊದಲಾದ ಪ್ರಾದೇಶಿಕ ಕಂಪನಿಗಳಿಗೆ ಬಿಟ್ಟುಕೊಟ್ಟರು. ಕೃಷ್ಣಾ ಮೇಲ್ದಂಡೆ ಯೋಜನೆಯ ಪುನರ್ವಸತಿ ಆಯುಕ್ತರ ಕಚೇರಿ ಮುಳುಗಡೆಯಾದ ಬಾಗಲಕೋಟೆಯ ನವನಗರದಲ್ಲೇ ಇದೆ. ಅಲ್ಲಿ ಪರಿಹಾರ ತಡವಾಗುತ್ತದೆ ಎಂಬ ದೂರು ಇದ್ದೇ ಇದೆ. ಆದರೆ ಮನೆ ಮುಳುಗಿದವನು ಸಿಟ್ಟು ಬಂದಾಗ ಹೋಗಿ ಮೇಜು ತಟ್ಟುವಷ್ಟು ಹತ್ತಿರದಲ್ಲಿ ಅದು ಇದೆ. ಆಡಳಿತದಲ್ಲಿ ಅದಕ್ಕಿಂತ ದೊಡ್ಡ ಸೌಲಭ್ಯ ನನಗೆ ಗೊತ್ತಿಲ್ಲ.

ಕಚೇರಿಗಳನ್ನು ಹೀಗೆ ಹಂಚಿದರೆ ಬೆಂಗಳೂರಿಗೂ ಉಸಿರಾಡಲು ಜಾಗ ಸಿಗುತ್ತದೆ. ಕಾವೇರಿ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಐನೂರು ಮೀಟರ್ ಎತ್ತರಕ್ಕೆ ಎತ್ತಿ ತಂದು ಕುಡಿಯುವ ಊರು ಅದು. ಎಲ್ಲ ಇಲಾಖೆಗಳ ಎಲ್ಲ ಕಚೇರಿಗಳೂ ಅಲ್ಲಿಯೇ ಇರಬೇಕೆಂದು ಹಟ ಹಿಡಿಯುವುದು ಆ ಊರಿನ ಮೇಲಿನ ಪ್ರೀತಿಯಂತೂ ಅಲ್ಲ.

ಅಪ್ಪನ ಕತೆ ಅರ್ಧಕ್ಕೆ ನಿಲ್ಲಿಸಿದ್ದೆ. ಎಂಟನೆಯ ಸಲ ಅವ್ವ ರೊಟ್ಟಿ ಬಡಿಯುವ ಪ್ರಸಂಗ ಬರಲಿಲ್ಲ. ವಿಜಾಪುರದಲ್ಲಿ ಪಿಂಚಣಿ ಅದಾಲತ್ ನಡೆಯಿತು. ಬೆಂಗಳೂರಿನಿಂದ ಅಧಿಕಾರಿಗಳು ಮುದ್ರೆ ಸಮೇತ ಬಂದು ಒಂದು ಶಾಲೆಯ ಹಾಲಿನಲ್ಲಿ ಕೂತಿದ್ದರು. ಅಪ್ಪ ಗಂಟು ಬಿಚ್ಚಿ ಶಾಲೆಯ ದಾಖಲೆ ತೋರಿಸಿದ. ಅವರು ಕನ್ನಡಕ ಏರಿಸಿ ನೋಡಿ, ತಪ್ಪು ಅಂಕಿಯ ಮೇಲೆ ಗೆರೆ ಎಳೆದು, ಸರಿಯಾದ್ದನ್ನು ಬರೆದು ಸಹಿ ಹಾಕಿದರು. ಅರ್ಧ ತಾಸೂ ಹಿಡಿಯಲಿಲ್ಲ. ಏಳು ಸಲ ಬೆಂಗಳೂರಿಗೆ ಹೋಗಿಬಂದ ಅಪ್ಪ ಅವತ್ತು ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿದ್ದ.

ಹೈಕೋರ್ಟಿನ ವಿಷಯದಲ್ಲೂ ಹಾಗೆಯೇ ಆಯಿತು. ಉತ್ತರದ ವಕೀಲರು ದಶಕಗಳ ಕಾಲ ಹೋರಾಡಿದ ಮೇಲೆ 2008ರಲ್ಲಿ ಧಾರವಾಡಕ್ಕೂ ಕಲಬುರಗಿಗೂ ಸಂಚಾರಿ ಪೀಠ ಬಂದಿತು. 2013ರಲ್ಲಿ ಎರಡೂ ಕಾಯಂ ಆದವು. ಈಗ ಧಾರವಾಡದ ಹೊರಗೆ, ಬೇಲೂರು ಎಂಬ ಹಳ್ಳಿಯ ಹತ್ತಿರ ಹೆದ್ದಾರಿಗೆ ಹೊಂದಿಕೊಂಡೇ ಪೀಠದ ಕಟ್ಟಡ ಇದೆ. ಕಳೆದ ವರ್ಷ ಏನೋ ಕೆಲಸಕ್ಕೆ ಅಲ್ಲಿಗೆ ಹೋದಾಗ ಬಸ್ಸಿಗೆ ಕಾಯುತ್ತಿದ್ದ ರೋಣದ ಕಡೆಯ ಮುದುಕಿಯೊಬ್ಬರ ಪಕ್ಕ ಕೂತೆ. ಕಂಕುಳಲ್ಲಿ ಕಾಗದದ ಗಂಟು. ಹೊಲದ ದಾವೆಯಂತೆ, ಗಂಡನ ಕಾಲದಿಂದ ನಡೆದದ್ದು. "ಮುಗೀತೇನವಾ?" ಎಂದು ಕೇಳಿದೆ.

"ಎಲ್ಲಿ ಮುಗೀತದ ತಮ್ಮಾ. ಮುಂದಿನ ತಿಂಗಳಿಗೆ ತಾರೀಕು ಕೊಟ್ಟಾರ," ಎಂದು ಸೆರಗು ಸರಿಮಾಡಿಕೊಂಡರು. ಬಸ್ಸು ಬಂತು. ಎದ್ದು ಹೊರಟವರು ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿ ಹೇಳಿದರು: "ಆಗ ಕೇಸಿಗೆ ಅಂತ ನಮ್ಮ ಯಜಮಾನ್ರು ಹ್ವಾದ್ರ ಮೂರು ದಿನಾ ಬರತಿರಲಿಲ್ಲ. ನಾ ಸಂಜಿಕ ಎಮ್ಮಿ ಹಿಂಡೂದ್ರಾಗ ಮನ್ಯಾಗಿರ್ತೀನಿ."